ಬೈಲಿನ ಕೆಸರಿಗೆ ಯಾವ ಪೈಪ್? ಪಿವಿಸಿ, ಎಚ್‌ಡಿಪಿಇ, ಡಿಐ ಹಾಕಿ ನೋಡಿದ ಲೆಕ್ಕ

ಬೆಟ್ಟಿನ, ಅಂದರೆ ಎತ್ತರದ ಜಾಗದ, ಮುರಕಲ್ಲಿನಲ್ಲಿ ಯಾವ ನೀರಿನ ಪೈಪ್ ಹಾಕಿದರೂ ನಡೆದೀತು. ಕಷ್ಟ ಇರುವುದು ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆ ಬಯಲಿನಲ್ಲಿ. ಉಡುಪಿ ಕಡೆಯ ಗದ್ದೆಯಾಗಲಿ, ಮಂಗಳೂರಿನ ಗುರುಪುರ ಹೊಳೆಯ ಬದಿಯಾಗಲಿ, ಮೂರಡಿ ಅಗೆದರೆ ಒರತೆ. ಅಳಿವೆ ಹತ್ತಿರವಾದರೆ ಅದೂ ಉಪ್ಪು. ಇಂಥಲ್ಲಿ ಪೈಪ್ ಒಡೆಯುವುದು ಅಪರೂಪ. ಜಾಯಿಂಟ್ ಬಿಡುತ್ತದೆ, ಇಲ್ಲವೇ ಪೈಪೇ ತೇಲುತ್ತದೆ.

ಪಿವಿಸಿ ಅಗ್ಗ, ಹೊರಲು ಹಗುರ. ಆದರೆ ಆರು ಮೀಟರಿಗೊಂದು ಜಾಯಿಂಟ್. ಒದ್ದೆ ಸಾಕೆಟ್‌ಗೆ (ಪೈಪಿನ ಅಗಲ ಬಾಯಿಗೆ) ಸೊಲ್ಯೂಷನ್ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬಟ್ಟೆಯಲ್ಲಿ ಒರೆಸಿ ಹಚ್ಚಿದರೂ ಟೆಸ್ಟಿಂಗ್‌ನಲ್ಲಿ ಬೆವರುತ್ತದೆ. ರಬ್ಬರ್ ರಿಂಗ್‌ನದ್ದು ವಾಸಿ, ಆದರೆ ತಿರುವಿಗೆಲ್ಲ ಕಾಂಕ್ರೀಟ್ ಬ್ಲಾಕ್ ಬೇಕು. 110 ಮಿ.ಮೀ. ಲೈನಿನ 90 ಡಿಗ್ರಿ ಬೆಂಡಿನ ಮೇಲೆ 10 ಕೆ.ಜಿ. ಪ್ರೆಶರ್‌ನಲ್ಲಿ (ಚದರ ಸೆಂ.ಮೀ.ಗೆ) ಬೀಳುವ ತಳ್ಳು ಸುಮಾರು 1,340 ಕೆ.ಜಿ. ಮೆತ್ತನೆ ಜೇಡಿ ಅದನ್ನು ತಾಳುವುದಿಲ್ಲ, ಬ್ಲಾಕೇ ಜರುಗುತ್ತದೆ. ಬೈಲಿಗೆ ನಮ್ಮ ಮಟ್ಟಿಗೆ ಪಿವಿಸಿ ಬೇಡ.

160 ಮಿ.ಮೀ. ವರೆಗೆ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥಿನ್ ಪೈಪೇ ಸರಿ. ವೆಲ್ಡ್ ಮಾಡಿದ ಲೈನ್ ಒಂದೇ ಹಗ್ಗದ ಹಾಗೆ, ಬೆಂಡಿಗೆ ಬ್ಲಾಕ್ ಬೇಕಿಲ್ಲ, ಉಪ್ಪು ನೀರಿಗೆ ತುಕ್ಕಿಲ್ಲ. ಪೈಪ್ ಹೂಳಲು ಅಗೆದ ಕಣಿಯೊಳಗೆ ಮಾತ್ರ ವೆಲ್ಡಿಂಗ್ ಮಾಡಬೇಡಿ. ಗದ್ದೆಯ ಹುಣಿಯ (ಬದುವಿನ) ಮೇಲೆ, ಟಾರ್ಪಾಲಿನ ಅಡಿಯಲ್ಲಿ, ತುದಿಗಳನ್ನು ಟ್ರಿಮ್ ಮಾಡಿ, ಹೀಟರ್ ಪ್ಲೇಟ್ 210ರಿಂದ 220 ಡಿಗ್ರಿಗೆ ಬಂದ ಮೇಲೆ ಒತ್ತಬೇಕು. ಒಂದು ಹನಿ ಮಳೆ ತಾಗಿದರೂ ಆ ಜಾಯಿಂಟ್ ಕತ್ತರಿಸಿ ಬಿಸಾಡುವುದು. ತಣಿದ ಮೇಲೆ ಹೊರಗಿನ ಉಬ್ಬನ್ನು ಉಳಿಯಿಂದ ಪಟ್ಟಿಯಾಗಿ ಎಬ್ಬಿಸಿ ಹಿಂದಕ್ಕೆ ಮಡಚಿ ನೋಡಿ: ನಡುವೆ ಸೀಳು ಕಂಡರೆ ವೆಲ್ಡ್ ಕೂಡಿಲ್ಲ.

ಬಿಸಿಲಲ್ಲಿ ಕಾದ 100 ಮೀಟರ್ ಲೈನ್ ತಂಪು ಕೆಸರಿಗಿಳಿದರೆ ಅಡಿಯಷ್ಟು ಕುಗ್ಗುತ್ತದೆ. ಒಂದು ರಾತ್ರಿ ಬಿಟ್ಟು ಮಾರನೇ ದಿನ ವಾಲ್ವಿಗೆ ಜೋಡಿಸಿ.

ತೇಲುವ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 110 ಮಿ.ಮೀ., 10 ಕೆ.ಜಿ. ಪ್ರೆಶರ್ ಕ್ಲಾಸಿನ ಎಚ್‌ಡಿಪಿಇ ಪೈಪ್ ಮೀಟರಿಗೆ 2.2 ಕೆ.ಜಿ. ತೂಗಿದರೆ, ಅದು ಪಕ್ಕಕ್ಕೆ ಸರಿಸುವ ನೀರು 9.5 ಕೆ.ಜಿ. ಖಾಲಿ ಇದ್ದರೆ ಮೀಟರಿಗೆ 7 ಕೆ.ಜಿ. ಮೇಲಕ್ಕೆ ಎಳೆತ. ನೀರು ತುಂಬಿಸಿದರೂ ತೂಕ ಸರಿಸಮ, ಅಷ್ಟೇ. 40 ಕೆ.ಜಿ. ಹೊಯ್ಗೆಯ (ಮರಳಿನ) ಚೀಲ ನೀರೊಳಗೆ 25 ಕೆ.ಜಿ. ಮಾತ್ರ ಒತ್ತುವುದರಿಂದ ಎರಡು ಮೀಟರಿಗೊಂದರಂತೆ ಹೇರಿ, ಆಮೇಲೆ ಮಣ್ಣು ಮುಚ್ಚಬೇಕು.

ಕಬ್ಬಿಣ ಮುಳುಗಿಯೇ ಮುಳುಗುತ್ತದೆ ಎಂಬ ಧೈರ್ಯವೂ ಬೇಡ. 100 ಮಿ.ಮೀ. ಡಿಐ (ಡಕ್ಟೈಲ್ ಐರನ್, ಎರಕದ ಕಬ್ಬಿಣದ ಪೈಪ್) ಮುಳುಗುತ್ತದೆ, ಸರಿ. 300 ಮಿ.ಮೀ. ಕೆ7 (ದಪ್ಪದ ಕ್ಲಾಸ್) ಪೈಪ್ ಮೀಟರಿಗೆ ಸುಮಾರು 47 ಕೆ.ಜಿ., ಸರಿಸುವ ನೀರು 83. ತುದಿ ಮುಚ್ಚಿಟ್ಟ ಲೈನ್ ರಾತ್ರಿಯ ಮಳೆಗೆ ಎದ್ದು ಜಾಯಿಂಟೆಲ್ಲ ಸಡಿಲವಾದೀತು.

ಆದರೂ 160ಕ್ಕಿಂತ ದೊಡ್ಡ ಲೈನಿಗೆ, ಲಾರಿ ಓಡುವ ರಸ್ತೆ ದಾಟುವಲ್ಲಿಗೆ ಡಿಐಯೇ. ಉಪ್ಪು ನೆಲದಲ್ಲಿ ಪಾಲಿಥಿನ್ ಸ್ಲೀವ್ ಇಲ್ಲದೆ ಹೂಳಬೇಡಿ. ಹರಿದಲ್ಲಿ ಟೇಪ್ ಸುತ್ತಿ; ಒಂದು ತೂತು ಬಿಟ್ಟರೆ ತುಕ್ಕು ಅಲ್ಲೇ ಬೇರೂರುತ್ತದೆ. ಸಾಕೆಟ್ ಒಳಗೆ ಒಂದು ಹರಳು ಹೊಯ್ಗೆ ಉಳಿದರೂ ರಿಂಗ್ ಸೋರುತ್ತದೆ. ಜಾರಿಸಲು ಸಾಬೂನು ನೀರು ಸಾಕು, ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳು. ಕತ್ತರಿಸಿದ ತುದಿಯನ್ನು ಗ್ರೈಂಡರ್‌ನಲ್ಲಿ ಇಳಿಜಾರು ಮಾಡದೆ ತೂರಿಸಿದರೆ ರಿಂಗ್ ಸೀಳುತ್ತದೆ.

ಸೋರಿಕೆ ಎಂದರೆ ನೀರು ಪೋಲಾಗುವುದಷ್ಟೇ ಅಲ್ಲ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡುವಾಗ ಲೈನ್ ಖಾಲಿಯಾಗಿ, ಸುತ್ತಲಿನ ಕೊಳಕು ನೀರು ಅದೇ ಸಂದಿಯಿಂದ ಒಳಗೆ ಬರುತ್ತದೆ. ಹೆಚ್ಚಾಗಿ ಆ ಸಂದಿ ಮೇನ್ ಲೈನಿನದ್ದಲ್ಲ, ಮನೆ ಕನೆಕ್ಷನ್ನಿನ ಜಿಐ (ಸತು ಲೇಪಿಸಿದ ಕಬ್ಬಿಣದ) ನಿಪ್ಪಲ್, ಅಂದರೆ ಜೋಡಿಸುವ ತುಂಡು ಪೈಪಿನದ್ದು. ಮೇನ್ ಲೈನಿಗೆ ಕಚ್ಚಿಸಿದ ಸ್ಯಾಡಲ್ ಪಟ್ಟಿಯಿಂದ ಮೀಟರ್‌ವರೆಗೆ ಎಂಡಿಪಿಇ (ಮಧ್ಯಮ ಸಾಂದ್ರತೆಯ ಪಾಲಿಥಿನ್) ಪೈಪ್ ಎಳೆದು, ಜಿಐ ಬಿಟ್ಟುಬಿಡಿ.