50ಕ್ಕೆ ಕೆಲಸ ಬಿಡುವವರಿಗೆ: ಪಿಎಫ್ ಪೆನ್ಶನ್, ಎನ್‌ಪಿಎಸ್, ಪಿಪಿಎಫ್, ಪೋಸ್ಟಾಫೀಸು

ಮಂಗಳೂರು, ಉಡುಪಿ ಕಡೆ 50ರ ಆಸುಪಾಸಿಗೇ ಕೆಲಸ ಬಿಡುವವರು ಹೊಸಬರೇನಲ್ಲ. ಗಲ್ಫ್ ಮುಗಿಸಿ ಬಂದವರಿದ್ದಾರೆ, ಬ್ಯಾಂಕಿನಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರಿದ್ದಾರೆ. ಬಡ್ಡಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ದುಡ್ಡು ಯಾವ ವಯಸ್ಸಿಗೆ ಕೈಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಎಲ್ಲದರಲ್ಲೂ ಕಟ್ಟಿ ನೋಡಿದ ಮೇಲೆ ನಾವು ಅಳೆಯುವುದು ಆ ವಯಸ್ಸನ್ನೇ.

ಪಿಎಫ್ ಪೆನ್ಶನ್‌ಗೆ, ಅಂದರೆ ನೌಕರರ ಪೆನ್ಶನ್ ಯೋಜನೆ ಇಪಿಎಸ್-95ಕ್ಕೆ, 10 ವರ್ಷದ ಸರ್ವಿಸ್ ಬೇಕು. ಪೂರ್ತಿ ಪೆನ್ಶನ್ 58ಕ್ಕೆ. ಕೆಲಸ ಬಿಟ್ಟಿದ್ದರೆ 50ರಿಂದಲೂ ತೆಗೆಯಬಹುದು, ಆದರೆ ಕಡಿಮೆ ಬಿದ್ದ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಕೊನೆಯವರೆಗೆ. ಲೆಕ್ಕ ಸುಲಭ: ಸಂಬಳವನ್ನು ಸರ್ವಿಸ್‌ನಿಂದ ಗುಣಿಸಿ 70ರಿಂದ ಭಾಗಿಸಿ. ಸಂಬಳದ ಮಿತಿ 15,000 ರೂ., 2014ರ ಸೆಪ್ಟೆಂಬರಿಗೆ ಹಿಂದಿನ ಸರ್ವಿಸಿಗೆ 6,500. ಪೆನ್ಶನ್ 3,000 ಅಂತ ಇಟ್ಟುಕೊಳ್ಳಿ. 57ಕ್ಕೇ ತೆಗೆದರೆ 2,880. ಕಡಿತ ಅಂದಕೂಡಲೇ ಜನ ಹೆದರುತ್ತಾರೆ. ಆದರೆ ಆ ಒಂದು ವರ್ಷ ಮೊದಲೇ ಬಂದ 34,560 ರೂಪಾಯಿ ತಿಂಗಳಿಗೆ 120ರಂತೆ ಕರಗಲು 24 ವರ್ಷ ಬೇಕು! ತುಟ್ಟಿಭತ್ಯೆ ಇಲ್ಲದ ಪೆನ್ಶನ್ ಇದು, ಕಾದು ಕೂತರೆ ದುಡ್ಡಿನ ಬೆಲೆಯೂ ಇಳಿಯುತ್ತದೆ. ಕೈ ಬಿಗಿ ಇರುವವರು ಬೇಗ ತೆಗೆಯುವುದೇ ಸರಿ.

ಎಡವುವುದು ಬೇರೆ ಕಡೆ. ಕೆಲಸ ಬದಲಿಸಿದಾಗ ಫಾರ್ಮ್ 10ಸಿ ತುಂಬಿ ಪೆನ್ಶನ್ ದುಡ್ಡು ತೆಗೆದರೆ ಆ ವರ್ಷಗಳು ಹೋದಂತೆಯೇ. ಅದೇ ಫಾರ್ಮಿನಲ್ಲಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಆ ಸರ್ವಿಸನ್ನು ಉಳಿಸಿಕೊಡುವ ಪತ್ರ, ಕೇಳಬೇಕು. ಮತ್ತೆ ಪೆನ್ಶನ್ ಕೇಳುವ 10ಡಿ ಅರ್ಜಿ ತಿರುಗಿ ಬರುವುದು ಹೆಸರಿನಿಂದ: ಪಿಎಫ್‌ನಲ್ಲಿ ‘ಕೆ. ಸುಂದರ’, ಆಧಾರ್‌ನಲ್ಲಿ ‘ಸುಂದರ ಪೂಜಾರಿ’. ನಮ್ಮೂರಲ್ಲಿ ಇದು ಮನೆಮನೆಯ ಕತೆ. ಕಂಪನಿ ಬಾಗಿಲು ಹಾಕುವ ಮೊದಲೇ ಸರಿಮಾಡಿಸಿಕೊಳ್ಳಿ.

ಎನ್‌ಪಿಎಸ್ (ರಾಷ್ಟ್ರೀಯ ಪೆನ್ಶನ್ ಯೋಜನೆ) ಈ ಕೆಲಸಕ್ಕೆ ಆಗುವುದಿಲ್ಲ. ಅವಧಿಗೆ ಮುಂಚೆ ಹೊರಬಂದರೆ ಶೇ 80ರಷ್ಟು ಹಣ ಆನ್ಯುಯಿಟಿಗೆ, ಅಂದರೆ ವಿಮಾ ಕಂಪನಿಯಿಂದ ಪೆನ್ಶನ್ ಕೊಳ್ಳುವುದಕ್ಕೆ, ಹೋಗುತ್ತದೆ, ಅದರಿಂದ ಬರುವ ಪೆನ್ಶನ್‌ಗೆ ತೆರಿಗೆ ಬೇರೆ.

ನಮ್ಮ ಆಯ್ಕೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ). 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1, ತೆರಿಗೆ ಇಲ್ಲ. ಪ್ರತಿ ಏಪ್ರಿಲ್ 5ರೊಳಗೆ ಒಂದೂವರೆ ಲಕ್ಷದಂತೆ 15 ವರ್ಷ ಕಟ್ಟಿದರೆ ಇದೇ ಬಡ್ಡಿಗೆ ಸುಮಾರು 40.68 ಲಕ್ಷ. 6ಕ್ಕೆ ಕಟ್ಟಿದಿರೋ, ಆ ತಿಂಗಳ ಬಡ್ಡಿ ಹೋಯಿತು. 15 ವರ್ಷ ಎಣಿಸುವುದು ಖಾತೆ ತೆರೆದ ಆರ್ಥಿಕ ವರ್ಷದ ಕೊನೆಯಿಂದ: 2012ರ ಜನವರಿಯಲ್ಲಿ ತೆರೆದದ್ದು ಮುಗಿಯುವುದು 2027ರ ಮಾರ್ಚ್ 31ಕ್ಕೆ. ಆಮೇಲೆ ಖಾತೆ ಮುಚ್ಚದೆ, ಹೊಸದಾಗಿ ಕಟ್ಟದೆ ಬಿಟ್ಟರೆ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ವರ್ಷದ ಬಡ್ಡಿಯೇ ಸುಮಾರು 2.88 ಲಕ್ಷ, ತಿಂಗಳಿಗೆ 24,000. ಅದನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ತೆಗೆದು ಉಳಿತಾಯ ಖಾತೆಗೆ ಹಾಕಿಕೊಂಡು ತಿಂಗಳು ತಿಂಗಳು ಬಳಸುವುದು. ಮುಂದೆಯೂ ಕಟ್ಟುತ್ತೇನೆ ಅಂತಿದ್ದರೆ ಒಂದು ವರ್ಷದೊಳಗೆ ಫಾರ್ಮ್ ಕೊಡಬೇಕು. ಫಾರ್ಮ್ ಕೊಡದೆ ಕಟ್ಟಿದ ದುಡ್ಡಿಗೆ ಬಡ್ಡಿ ಸಿಗುವುದಿಲ್ಲ.

ಪೋಸ್ಟಾಫೀಸಿನ ತಿಂಗಳ ಆದಾಯ ಯೋಜನೆಗೆ ವಯಸ್ಸಿನ ತಕರಾರಿಲ್ಲ. 2023ರ ಏಪ್ರಿಲ್‌ನಲ್ಲಿ ಮಿತಿ ಏರಿದ ಮೇಲೆ ಜಂಟಿ ಖಾತೆಗೆ 15 ಲಕ್ಷ, ಶೇ 7.4ರಲ್ಲಿ ತಿಂಗಳಿಗೆ 9,250 ರೂ., ತೆರಿಗೆ ಉಂಟು. ಹಿರಿಯ ನಾಗರಿಕರ ಯೋಜನೆ ಇದಕ್ಕಿಂತ ಮೇಲು: ಶೇ 8.2ರಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500. ಆದರೆ 60 ಆಗಬೇಕು. 55ಕ್ಕೇ ಸೇರಲು ನಿವೃತ್ತಿಯ ಅಥವಾ ಸ್ವಯಂ ನಿವೃತ್ತಿಯ ಪತ್ರ ಬೇಕು, ನಿವೃತ್ತಿಯ ದುಡ್ಡು ಬಂದ ಮೂರು ತಿಂಗಳೊಳಗೆ ಹಾಕಬೇಕು. ಪತ್ರದಲ್ಲಿ ‘ರಾಜೀನಾಮೆ’ ಅಂತಿದ್ದರೆ ಕೌಂಟರಿನಲ್ಲಿ ತಕರಾರು ಬರಬಹುದು. ಬಿಡುವ ಮೊದಲು ಆ ಒಂದು ಶಬ್ದ ನೋಡಿಕೊಳ್ಳಿ.

ಸರಕಾರದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪೆನ್ಶನ್ ಸಿಗುವುದು 65ಕ್ಕೆ, ಅದೂ ಬಡವರಿಗೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಗೆ ಸೊಸೈಟಿ. ಬಡ್ಡಿ ಬ್ಯಾಂಕಿಗಿಂತ ತುಸು ಜಾಸ್ತಿ, ಮ್ಯಾನೇಜರ್ ಪರಿಚಯದವರು, ಮನೆಗೇ ಬಂದು ಪಾಸ್‌ಬುಕ್ ಕೊಡುತ್ತಾರೆ. ಆದರೆ 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ ಮತ್ತು ಸಹಕಾರಿ ಬ್ಯಾಂಕುಗಳಿಗೆ ಮಾತ್ರ, ಪತ್ತಿನ ಸೊಸೈಟಿಗಳಿಗೆ ಇಲ್ಲ. ಗಲ್ಫಿನ ಇಡೀ ಗಳಿಕೆ ಅಲ್ಲಿಟ್ಟವರನ್ನು ನೋಡಿದರೆ ನಮಗೇ ಹೊಟ್ಟೆ ಚುಳ್ ಅನ್ನುತ್ತದೆ.