ಬ್ರೆಸ್ಟ್ ಪಂಪ್ ಜೊತೆ 11 ತಿಂಗಳು: ಮೋಟಾರ್ ಗಟ್ಟಿ, ವಾಲ್ವ್ ಮೇಲೆ ಕಣ್ಣಿಡಿ

ಈ ಪಂಪನ್ನು ನಾನು ಎಂಟು ತಿಂಗಳ ಬಸುರಿ ಇದ್ದಾಗಲೇ ತಗೊಂಡಿದ್ದೆ. ಎರಡೂ ಕಡೆಯಿಂದ ಒಟ್ಟಿಗೆ ಹಾಲು ತೆಗೆಯುವ, ಚಾರ್ಜ್ ಮಾಡಿ ಬಳಸುವ ಎಲೆಕ್ಟ್ರಿಕ್ ಮಾಡೆಲ್. ಮಗುವಿಗೆ ಈಗ 11 ತಿಂಗಳು. ಮೋಟಾರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಲೆನೋವು ಕೊಟ್ಟಿದ್ದೆಲ್ಲ ಅದರ ಜೊತೆ ಬರುವ ಪುಟ್ಟ ಪುಟ್ಟ ಭಾಗಗಳು.

ಮೊದಲು ಫ್ಲೇಂಜ್ ಕಥೆ. ಎದೆಗೆ ಇಟ್ಟುಕೊಳ್ಳುವ, ಆಲಿಕೆಯಂಥ ಭಾಗ ಇದು. ಡಬ್ಬಿಯಲ್ಲಿ 24 ಮಿ.ಮೀ.ನದು ಬಂದಿತ್ತು. ಎಲ್ಲರಿಗೂ ಅದೇ ಸೈಜ್ ಅಂದುಕೊಂಡು ಮೂರು ವಾರ ಒದ್ದಾಡಿದೆ. ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಉರಿ ಬೇರೆ. ಹಾಲು ಹೆಚ್ಚಲಿ ಅಂತ ಸಕ್ಷನ್ ಏರಿಸಿದರೆ ನೋವು ಮಾತ್ರ ಜಾಸ್ತಿಯಾಯಿತು. ಕೊನೆಗೆ ಒಬ್ಬ ನರ್ಸ್ ಸ್ಕೇಲ್ ಹಿಡಿದು ತೊಟ್ಟಿನ ಅಗಲ ಅಳೆದರು: 17 ಮಿ.ಮೀ. 19ರ ಫ್ಲೇಂಜ್ ಬೇರೆ ತರಿಸಿದೆ, ಮೊದಲ ದಿನವೇ ಉರಿ ನಿಂತಿತು. ಬಸುರಿನಲ್ಲಿ, ಹೆರಿಗೆಯಾದ ಮೇಲೆ ತೊಟ್ಟಿನ ಅಳತೆ ಬದಲಾಗುತ್ತದೆ. ಹಾಗಾಗಿ ಮುಂಚೆಯೇ ಬೇರೆ ಬೇರೆ ಸೈಜ್ ಕೊಂಡಿಟ್ಟು ದುಡ್ಡು ಕಳೆದುಕೊಳ್ಳಬೇಡಿ.

ಇನ್ನು ವಾಲ್ವ್. ಸಿಲಿಕೋನಿನದು, ಬಾತುಕೋಳಿ ಕೊಕ್ಕಿನ ಹಾಗಿರುತ್ತದೆ, ಹೆಬ್ಬೆರಳಿನ ತುದಿಯಷ್ಟೇ ದೊಡ್ಡದು. ನಾಲ್ಕನೇ ತಿಂಗಳಲ್ಲಿ ಕೆಲಸಕ್ಕೆ ವಾಪಸ್ ಹೋಗಿದ್ದೆ. ಒಂದು ಸಲಕ್ಕೆ 120 ಮಿ.ಲೀ. ಬರುತ್ತಿದ್ದದ್ದು 90ಕ್ಕೆ ಇಳಿಯಿತು, ಆಮೇಲೆ 60. ಟೆನ್ಷನ್‌ಗೆ ಹಾಲು ಬತ್ತಿದೆ ಅಂತ ಒಬ್ಬರು, ಇನ್ನು ಪುಡಿ ಹಾಲು ಶುರು ಮಾಡು ಅಂತ ಇನ್ನೊಬ್ಬರು. ನಾನೂ ನಂಬಿಬಿಟ್ಟೆ. ಆದರೆ ಮಗು ಎದೆಗೆ ಬಾಯಿ ಹಾಕಿದರೆ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತಿತ್ತು. ಒದ್ದೆ ಡೈಪರ್‌ಗಳೂ ಕಮ್ಮಿಯಾಗಿರಲಿಲ್ಲ. ಒಂದು ರಾತ್ರಿ ತೊಳೆಯುತ್ತಾ ವಾಲ್ವನ್ನು ಬೆಳಕಿಗೆ ಹಿಡಿದೆ. ಮುಚ್ಚಿಕೊಂಡಿರಬೇಕಾದ ಸೀಳು ಬಾಯಿ ಬಿಟ್ಟುಕೊಂಡಿತ್ತು. ಅಲ್ಲೇ ಗಾಳಿ ಸೋರುತ್ತಿದ್ದರೆ ಪಂಪ್ ಪಾಪ ಏನನ್ನು ಎಳೆಯಬೇಕು? ಹೊಸ ಜೋಡಿ ಹಾಕಿದೆ. ಮೂರನೇ ದಿನಕ್ಕೆ 110 ದಾಟಿತು. ಒಂದು ವಾರ ಸುಮ್ನೆ ಅತ್ತಿದ್ದೆ!

ದಿನಕ್ಕೆ ಮೂರ್ನಾಲ್ಕು ಸಲ ಬಳಸಿದರೆ ವಾಲ್ವ್ ಒಂದೆರಡು ತಿಂಗಳಲ್ಲೇ ಸವೆಯಬಹುದು. ಬ್ರಶ್ ಹಾಕಿ ಉಜ್ಜಿದರೆ ಇನ್ನೂ ಬೇಗ. ನಾನು ಮಾಡಿದ್ದೂ ಅದನ್ನೇ. ಬದಲಿಸಬೇಕು ಅನ್ನುವ ಮಾತು ಕೈಪಿಡಿಯ ಕೊನೇ ಪುಟದಲ್ಲಿ, ಇರುವೆ ಕಾಲಿನಂಥ ಅಕ್ಷರದಲ್ಲಿದೆ.

ಇಷ್ಟವಾದದ್ದೂ ಇದೆ. ಶುರುವಿನ ಎರಡು ನಿಮಿಷ ಪಂಪ್ ಬೇಗ ಬೇಗ, ಹಗುರವಾಗಿ ಎಳೆಯುತ್ತದೆ. ಮಗುವೂ ಹಾಗೇ ಅಲ್ವಾ, ಹಾಲು ಇಳಿಯುವ ತನಕ ಚುಟುಚುಟು ಚೀಪುತ್ತದೆ, ಇಳಿದ ಮೇಲೆ ನಿಧಾನವಾಗಿ ದೊಡ್ಡ ಗುಟುಕು. ಹಾಲು ಮೋಟಾರಿನ ಕಡೆ ನುಗ್ಗದ ಹಾಗೆ ನಡುವೆ ತಡೆಯೂ ಇದೆ. ಆದರೂ ಟ್ಯೂಬಿನಲ್ಲಿ ಹಬೆ ಕಟ್ಟುತ್ತದೆ. ಹಾಲು ತೆಗೆದಾದ ಮೇಲೆ ಬರೀ ಟ್ಯೂಬ್ ಸಿಕ್ಕಿಸಿ ಎರಡು ನಿಮಿಷ ಓಡಿಸಿದರೆ ಒಣಗುತ್ತದೆ. ಒಮ್ಮೆ ಮರೆತು ಬೂಷ್ಟು ಬಂತು, ಎಸೆದೆ. ಸದ್ದು ಜಾಸ್ತಿ. ಮೀಟಿಂಗ್‌ನಲ್ಲಿ ಮ್ಯೂಟ್ ಮಾಡಲೇಬೇಕು.

ತೆಗೆದ ಹಾಲಿನ ಲೆಕ್ಕವನ್ನು ಫ್ರಿಜ್ ಮೇಲೆ ಚೀಟಿ ಬರೆದು ಅಂಟಿಸಿದ್ದೇನೆ: ಹೊರಗೆ 25 ಡಿಗ್ರಿ ಒಳಗಿದ್ದರೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ ಸುಮಾರು 6 ತಿಂಗಳು. ಫ್ರೀಜರ್‌ನಿಂದ ತೆಗೆದು ಫ್ರಿಜ್‌ನಲ್ಲಿ ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡುವ ಹಾಗಿಲ್ಲ. ಮೈಕ್ರೋವೇವ್ ಬೇಡ, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಸಾಕು. ಮೇಲೆ ಕೆನೆ ಬೇರೆಯಾಗಿ ನಿಂತಿದ್ದರೆ ಹಾಲು ಕೆಟ್ಟಿದೆ ಅಂತಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಮೊದಲ ಸಲ ಗೊತ್ತಾಗದೆ ಒಂದು ಬಾಟಲಿ ಸಿಂಕಿಗೆ ಸುರಿದಿದ್ದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಮಗು ಊಟ ಮಾಡುತ್ತದೆ, ಪಂಪ್ ಬೆಳಿಗ್ಗೆ ಒಂದೇ ಸಲ. ಒಂದು ಚಾರ್ಜ್‌ಗೆ ಏಳೆಂಟು ಸಲ ಬರುತ್ತಿದ್ದ ಬ್ಯಾಟರಿ ನಾಲ್ಕಕ್ಕೇ ಸುಸ್ತಾಗುತ್ತದೆ. 5ಕ್ಕೆ 3.5 ಕೊಡುತ್ತೇನೆ. ಡಬ್ಬಿಯಲ್ಲಿ ಇನ್ನೊಂದು ಜೋಡಿ ವಾಲ್ವ್ ಹಾಕಿದ್ದರೆ 4.5 ಕೊಡುತ್ತಿದ್ದೆ. ಆ 24 ಮಿ.ಮೀ. ಫ್ಲೇಂಜ್ ದಂಡವಾಗಲಿಲ್ಲ, ಮಗುವಿಗೆ ಅದೇ ಈಗ ತುತ್ತೂರಿ.