ಆರರಿಂದ ಎಂಟರವರೆಗೆ: ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಬಗ್ಗೆ ಒಬ್ಬ ಪೋಷಕನ ಅಭಿಪ್ರಾಯ

ನನ್ನ ಅಕ್ಕನ ಇಬ್ಬರು ಹೆಣ್ಣುಮಕ್ಕಳು ಒಬ್ಬಳಾದ ಮೇಲೊಬ್ಬಳಂತೆ ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ, ಅಂದರೆ ಎಲ್ಲರೂ ಕೆಜಿಬಿವಿ ಎಂದು ಕರೆಯುವ ಸರ್ಕಾರಿ ವಸತಿ ಶಾಲೆಯಲ್ಲಿ, ಆರರಿಂದ ಎಂಟನೆಯ ತರಗತಿಯವರೆಗೆ ಓದಿದರು. ಹಿರಿಯವಳು ಅಲ್ಲಿದ್ದದ್ದು 2017ರಿಂದ 2020ರವರೆಗೆ, ಕಿರಿಯವಳು 2021ರಿಂದ 2024ರವರೆಗೆ. ಅಕ್ಕ ಮತ್ತು ಭಾವ ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಾದ್ದರಿಂದ ದಾಖಲಾತಿ ಅರ್ಜಿಯಿಂದ ಹಿಡಿದು ವರ್ಗಾವಣೆ ಪತ್ರದವರೆಗೆ ಸಹಿ ಹಾಕಿದವನು ನಾನೇ. ಪಾಠದ ಗುಣಮಟ್ಟವನ್ನಷ್ಟೇ ನೋಡಿದರೆ ಈ ಶಾಲೆ ಸಾಧಾರಣ. ಹೆಣ್ಣುಮಗು ಓದು ಬಿಡದಂತೆ ನೋಡಿಕೊಳ್ಳುವ ವಿಷಯದಲ್ಲಿ ನಮ್ಮ ಕಡೆ ಇದಕ್ಕೆ ಸಾಟಿಯಿಲ್ಲ.

ಕೇಂದ್ರ ಸರ್ಕಾರ ಈ ಯೋಜನೆಯನ್ನು 2004ರಲ್ಲಿ ಆರಂಭಿಸಿದ್ದು ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದೇ. ಗ್ರಾಮೀಣ ಮಹಿಳೆಯರ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕಡಿಮೆಯಿರುವುದು ಮತ್ತು ಗಂಡು-ಹೆಣ್ಣಿನ ನಡುವಿನ ಸಾಕ್ಷರತೆಯ ಅಂತರ ಹೆಚ್ಚಿರುವುದು ಅದಕ್ಕೆ ಮಾನದಂಡವಾಗಿತ್ತು. 2007ರಲ್ಲಿ ಅದು ಸರ್ವ ಶಿಕ್ಷಣ ಅಭಿಯಾನದೊಳಗೆ ಸೇರಿತು, 2018ರಿಂದ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿದೆ. ಶೇ 75ರಷ್ಟು ಸೀಟುಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಬಾಲಕಿಯರಿಗೆ, ಉಳಿದ ಶೇ 25 ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಬಾಲಕಿಯರಿಗೆ. ನಮ್ಮ ಶಾಲೆಯಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ, ಶುಲ್ಕವೂ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳಿಗೆ ಮೊದಲ ಆದ್ಯತೆ. ಆದ್ದರಿಂದ ಆರನೆಯ ತರಗತಿಯ ಒಂದೇ ಸಾಲಿನಲ್ಲಿ ಪತ್ರಿಕೆ ಓದಬಲ್ಲ ಹುಡುಗಿಯೂ ಇರುತ್ತಾಳೆ, ಮೂರನೆಯ ತರಗತಿಯಲ್ಲಿ ಬಿಟ್ಟು ಹತ್ತಿ ಬಿಡಿಸಲು ಹೋಗಿದ್ದು ಮತ್ತೆ ಬಂದು ಕೂತ ಹುಡುಗಿಯೂ ಇರುತ್ತಾಳೆ. ಫಲಿತಾಂಶವನ್ನು ಖಾಸಗಿ ಶಾಲೆಯೊಂದಿಗೆ ಹೋಲಿಸಿ ಮೂಗು ಮುರಿಯುವವರು ಈ ಸಂಗತಿಯನ್ನು ಮರೆಯುತ್ತಾರೆ.

ಶಾಲೆಯ ನಿಜವಾದ ಬೆಲೆ ಗೊತ್ತಾಗುವುದು ದಸರಾ ರಜೆಯ ನಂತರ. ನಮ್ಮ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆ ಹೊತ್ತಿಗೆ ಹಾಜರಿ ಪುಸ್ತಕ ಬರಿದಾಗತೊಡಗುತ್ತದೆ. ಗುಳೆ ಹೊರಡುವ ಕುಟುಂಬ ಗಂಡುಮಗನನ್ನು ಅಜ್ಜಿಯ ಬಳಿ ಬಿಟ್ಟೀತು, ಹತ್ತು ವರ್ಷ ದಾಟಿದ ಮಗಳನ್ನು ಬಿಡುವುದಿಲ್ಲ. ಕೂಸು ನೋಡಿಕೊಳ್ಳಲು, ಶೆಡ್ಡಿನಲ್ಲಿ ಅಡುಗೆ ಮಾಡಲು ಅವಳು ಬೇಕು. ಯುಗಾದಿಗೆ ಮರಳುವಷ್ಟರಲ್ಲಿ ಓದು ಕೈಬಿಟ್ಟಿರುತ್ತದೆ. ವಸತಿ ಶಾಲೆ ಈ ಕೊಂಡಿಯನ್ನು ಕತ್ತರಿಸುತ್ತದೆ. ರಜೆ ಮುಗಿದು ಮೂರನೆಯ ದಿನಕ್ಕೂ ಹುಡುಗಿ ಬಾರದಿದ್ದರೆ ವಾರ್ಡನ್ ಮೇಡಂ ಮನೆಗೆ ಫೋನ್ ಮಾಡುತ್ತಾರೆ. ಫೋನಿಗೆ ಸಿಗದಿದ್ದರೆ ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಿ.ಆರ್.ಪಿ.ಯವರನ್ನು ಊರಿಗೆ ಕಳಿಸುತ್ತಾರೆ. ಯಾರು ಬಂದು ಕರೆದರೂ ಮಗುವನ್ನು ಹೊರಗೆ ಬಿಡುವುದಿಲ್ಲ: ದಾಖಲಾತಿ ದಿನ ತೆಗೆದುಕೊಂಡ ಪೋಷಕರ ಭಾವಚಿತ್ರವನ್ನು ರಿಜಿಸ್ಟರಿನಲ್ಲಿ ಅಂಟಿಸಿಟ್ಟಿರುತ್ತಾರೆ, ಮುಖ ಹೊಂದಿದರಷ್ಟೇ ಸಹಿ. ಒಮ್ಮೆ ಹುಡುಗಿಯ ಸ್ವಂತ ಚಿಕ್ಕಪ್ಪನೇ ನಿಶ್ಚಿತಾರ್ಥವಿದೆ, ಕಳಿಸಿ ಎಂದು ಗೇಟಿನ ಬಳಿ ಜಗಳ ತೆಗೆದಾಗ ವಾರ್ಡನ್ ಮೇಡಂ, "ಯಾರ ನಿಶ್ಚಿತಾರ್ಥ ಅಂತ ಮೊದಲು ಹೇಳ್ರಿ ಅಣ್ಣಾರ" ಎಂದು ಕೇಳಿದ್ದನ್ನು ನಾನೇ ನಿಂತು ನೋಡಿದ್ದೇನೆ. ಆತ ಉತ್ತರ ಕೊಡದೆ ಗಾಡಿ ಹತ್ತಿದ.

ಊಟದ ಬಗ್ಗೆ ಹೇಳಿಕೊಳ್ಳುವಂಥ ದೂರಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಚಿತ್ರಾನ್ನ ಅಥವಾ ಇಡ್ಲಿ, ರಾತ್ರಿ ರೊಟ್ಟಿಯೋ ಚಪಾತಿಯೋ ಇರುತ್ತದೆ. ಜೋಳದ ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದ ದಿನ ಅನ್ನ-ಸಾರು ಎರಡು ಹೊತ್ತೂ ಬರುತ್ತದೆ. ನಿಜವಾದ ತೊಂದರೆ ನೀರಿನದು. ನೂರು ಹುಡುಗಿಯರಿಗೆ ಕಟ್ಟಿದ ಕಟ್ಟಡದಲ್ಲಿ ಬೋರ್‌ವೆಲ್ ಬತ್ತಿದ ಬೇಸಿಗೆಗಳಲ್ಲಿ ಟ್ಯಾಂಕರ್ ಬಂದ ಮೇಲಷ್ಟೇ ಸ್ನಾನ. ಬೆಳಗಿನ ಐದಕ್ಕೇ ತೊಟ್ಟಿಯ ಮುಂದೆ ಬಕೆಟ್ಟುಗಳ ಸಾಲು ನಿಲ್ಲುತ್ತದೆ, ಪ್ರತಿ ಬಕೆಟ್ಟಿನ ಮೇಲೂ ಬಣ್ಣದಲ್ಲಿ ಹೆಸರು. ಒಂದು ಬಕೆಟ್ ಸ್ನಾನಕ್ಕೆ, ಅರ್ಧ ಬಟ್ಟೆಗೆ ಎಂಬ ಲೆಕ್ಕವನ್ನು ಎಂಟನೆಯ ತರಗತಿಯ ಅಕ್ಕಂದಿರೇ ನಡೆಸುತ್ತಾರೆ. ಇಷ್ಟೇ ನೀರಿನಲ್ಲಿ ಮುಟ್ಟಿನ ದಿನಗಳನ್ನು ಕಳೆಯಬೇಕಾದ ಹುಡುಗಿಯರ ಕಷ್ಟವನ್ನು ತಪಾಸಣೆಗೆ ಬರುವ ಅಧಿಕಾರಿಗಳು ಕೇಳಿದ್ದು ಕಡಿಮೆ. ರಾಜ್ಯದ ಶುಚಿ ಯೋಜನೆಯಲ್ಲಿ ಬರುತ್ತಿದ್ದ ಸ್ಯಾನಿಟರಿ ಪ್ಯಾಡುಗಳು ನಡುವೆ ನಿಂತುಹೋದವು. ಆಗ ಪ್ರತಿ ಭೇಟಿಯ ಭಾನುವಾರವೂ ಚಕ್ಕುಲಿ-ಉಂಡೆಯ ಚೀಲದ ತಳದಲ್ಲಿ ಪ್ಯಾಡ್ ಇಟ್ಟುಕೊಂಡು ಹೋಗುವುದು ನನ್ನ ಹೆಂಡತಿಯ ಕೆಲಸವಾಯಿತು. ತಾಯಿಯಿಲ್ಲದ ಹುಡುಗಿಯರಿಗೆ ಅದನ್ನು ತಂದುಕೊಡುವವರು ಯಾರು ಎಂಬ ಪ್ರಶ್ನೆಗೆ ಶಾಲೆಯಲ್ಲಿ ಉತ್ತರವಿರಲಿಲ್ಲ.

ಪಾಠದ ವಿಷಯಕ್ಕೆ ಬಂದರೆ, ನಾನಿಲ್ಲಿ ಅಂಕ ಕೊಡುವುದು ಬಿಗಿಯಾಗಿಯೇ. ಕೆಜಿಬಿವಿಗಳಲ್ಲಿ ಮೂರು ಮಾದರಿಗಳಿದ್ದವು: ನೂರು ಹುಡುಗಿಯರ ಶಾಲೆ ಮತ್ತು ವಸತಿ ನಿಲಯ, ಐವತ್ತು ಹುಡುಗಿಯರದು, ಮತ್ತು ಪಕ್ಕದ ಸರ್ಕಾರಿ ಶಾಲೆಗೆ ಹೊಂದಿಕೊಂಡ ವಸತಿ ನಿಲಯ ಮಾತ್ರ. ಮೂರನೆಯ ಮಾದರಿಯಲ್ಲಿ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರೇ ಪಾಠ ಮಾಡುತ್ತಾರೆ. ನಮ್ಮದು ಮೊದಲನೆಯ ಮಾದರಿ. ಪಾಠ ಮಾಡಿದವರಲ್ಲಿ ಹೆಚ್ಚಿನವರು ಗೌರವಧನದ ಮೇಲಿದ್ದ ಶಿಕ್ಷಕಿಯರು. ಅವರಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನದವರು ಬಹುಕಾಲ ಉಳಿದರು, ಗಣಿತ ಮತ್ತು ಇಂಗ್ಲಿಷಿನವರು ಬೇರೆ ನೌಕರಿ ಸಿಕ್ಕಿದೊಡನೆ ಹೋದರು. ಕೊಡುವ ಗೌರವಧನ ನೋಡಿದರೆ ಅವರನ್ನು ಬೈಯುವ ಮನಸ್ಸೂ ಆಗುವುದಿಲ್ಲ. ಹಿರಿಯವಳು ಏಳನೆಯ ತರಗತಿಯ ಬಹುಪಾಲು ಗಣಿತವನ್ನು ಹಿಂದಿ ಟೀಚರಿಂದ ಕಲಿತಳು. ಭಿನ್ನರಾಶಿಗಳನ್ನು ಕೂಡುವಾಗ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ, ಅರ್ಧಕ್ಕೆ ಮೂರನೇ ಒಂದು ಸೇರಿಸಿ ಐದನೇ ಎರಡು ಎಂದು ಬರೆಯುತ್ತಿದ್ದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಅಂಕಪಟ್ಟಿಯಲ್ಲಿ ಮಾತ್ರ ನಡುನಡುವಿನ ರೂಪಣಾತ್ಮಕ, ಅವಧಿಯ ಕೊನೆಯ ಸಂಕಲನಾತ್ಮಕ ಪರೀಕ್ಷೆ ಎಲ್ಲದರಲ್ಲೂ ಒಳ್ಳೆಯ ಶ್ರೇಣಿಯಿತ್ತು. ಶ್ರೇಣಿಯನ್ನು ನಂಬಬೇಡಿ, ಭೇಟಿಗೆ ಹೋದಾಗ ಪುಸ್ತಕ ತೆರೆದು ಒಂದು ಲೆಕ್ಕ ಮಾಡಿಸಿ ನೋಡಿ.

ಕಿರಿಯವಳ ಕಾಲದಲ್ಲಿ ಸ್ವಲ್ಪ ಸುಧಾರಿಸಿತು. ಕೊರೊನಾ ಮುಚ್ಚುಗಡೆಯ ನಂತರ ರಾಜ್ಯದಲ್ಲಿ ಆರರಿಂದ ಎಂಟನೆಯ ತರಗತಿಗಳು 2021ರ ಸೆಪ್ಟೆಂಬರ್ 6ರಂದು ತೆರೆದಾಗ ಮಕ್ಕಳು ಅಕ್ಷರವನ್ನೇ ಮರೆತಿದ್ದರು. ಮರುವರ್ಷದ ಕಲಿಕಾ ಚೇತರಿಕೆ ಕಾರ್ಯಕ್ರಮದ ಅಭ್ಯಾಸ ಹಾಳೆಗಳು ಈ ಶಾಲೆಗೆ ಚೆನ್ನಾಗಿ ಒಗ್ಗಿದವು, ಏಕೆಂದರೆ ಸಂಜೆಯೂ ಮಕ್ಕಳು ಅಲ್ಲೇ ಇರುತ್ತಿದ್ದರು. ದಿನದ ಶಾಲೆಗೆ ಸಿಗದ ಈ ಸಂಜೆಯ ಹೊತ್ತನ್ನು ಒಬ್ಬ ಕಾಯಂ ಗಣಿತ ಶಿಕ್ಷಕಿಯ ಕೈಗೆ ಕೊಟ್ಟರೆ ಏನೆಲ್ಲ ಆದೀತು ಎಂದು ನನಗೆ ಈಗಲೂ ಅನಿಸುತ್ತದೆ.

ಹುಡುಗಿಯರಷ್ಟೇ ಇರುವ ಶಾಲೆಯಿಂದ ಲಾಭವೇನು ಎಂದು ಕೇಳುವವರಿದ್ದಾರೆ. ಊರ ಶಾಲೆಯಲ್ಲಿ ಗಂಟೆ ಬಾರಿಸುವುದು, ಮೈಕು ಹಿಡಿಯುವುದು, ಕ್ರೀಡಾಕೂಟಕ್ಕೆ ಮೈದಾನದ ಗೆರೆ ಎಳೆಯುವುದು ಹುಡುಗರ ಪಾಲು, ರಂಗೋಲಿ ಮತ್ತು ಸ್ವಾಗತ ಗೀತೆ ಹುಡುಗಿಯರ ಪಾಲು. ಇಲ್ಲಿ ಎಲ್ಲವನ್ನೂ ಹುಡುಗಿಯರೇ ಮಾಡಬೇಕು. ಆರನೆಯ ತರಗತಿಗೆ ಸೇರಿದಾಗ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದ ಕಿರಿಯವಳು ಎಂಟಕ್ಕೆ ಬರುವಷ್ಟರಲ್ಲಿ ಶಾಲಾ ಸಂಸತ್ತಿನ ಆಹಾರ ಮಂತ್ರಿಯಾಗಿ, ಬೇಳೆಯ ಚೀಲದ ತೂಕ ಕಡಿಮೆಯಿದೆ ಎಂದು ಅಡುಗೆಯವರೊಂದಿಗೆ ವಾದಿಸುವಷ್ಟು ಬಲಿತಿದ್ದಳು. ಕರಾಟೆ ತರಬೇತಿಯೂ ಇತ್ತು. ಮೂರು ತಿಂಗಳಿಗೆ ಮುಗಿದುಹೋಗುವ ಅದರಿಂದ ಆತ್ಮರಕ್ಷಣೆ ಬರುತ್ತದೆಂದು ನಾನು ನಂಬುವುದಿಲ್ಲ, ಕೂಗಿ ಹೆಜ್ಜೆ ಹಾಕುವ ಖುಷಿಯಂತೂ ಸಿಕ್ಕಿತು.

ನನ್ನ ದೊಡ್ಡ ತಕರಾರು ಎಂಟನೆಯ ತರಗತಿ ಮುಗಿದ ಮೇಲಿನದು. ಕಡ್ಡಾಯ ಶಿಕ್ಷಣದ ಕಾಯ್ದೆಯ ರಕ್ಷಣೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ, ನಮ್ಮ ಶಾಲೆಯೂ ಅಲ್ಲಿಗೇ ನಿಲ್ಲುತ್ತದೆ, ಮನೆಯಲ್ಲಿ ಮದುವೆಯ ಮಾತು ಏಳುವುದೂ ಅದೇ ಹೊತ್ತಿಗೆ. ಕೆಜಿಬಿವಿಗಳನ್ನು ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಲು ಸಮಗ್ರ ಶಿಕ್ಷಣ ಅವಕಾಶ ಕೊಟ್ಟಿದೆ. ಹಾಗಿದ್ದೂ ಎಲ್ಲ ಕಡೆ ಅದು ಆಗಿಲ್ಲ. ಹಿರಿಯವಳ ಜೊತೆಯವರು ಎಂಟನೆಯ ತರಗತಿ ಮುಗಿಸಿದ್ದು 2020ರ ಮಾರ್ಚಿನಲ್ಲಿ, ಎಲ್ಲ ಶಾಲೆಗಳೂ ಮುಚ್ಚಿದ ಕಾಲದಲ್ಲಿ. ಅವರಲ್ಲಿ ಕೆಲವರು ಒಂಬತ್ತನೆಯ ತರಗತಿಯ ಮುಖ ನೋಡಲಿಲ್ಲ. ಇಬ್ಬರ ಮದುವೆಯ ಊಟಕ್ಕೆ ನಮ್ಮ ಮನೆಗೇ ಕರೆ ಬಂದಿತ್ತು, ನಾವು ಹೋಗಲಿಲ್ಲ.

ಹಾಗಾಗಿ ಸೇರಿಸುವವರು ಎಂಟನೆಯ ತರಗತಿಯ ಜನವರಿಯಲ್ಲೇ ಮುಂದಿನ ತಯಾರಿ ಆರಂಭಿಸಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ, ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ, ಸಮಾಜ ಕಲ್ಯಾಣ ಇಲಾಖೆಯ ಅಥವಾ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಬಾಲಕಿಯರ ಹಾಸ್ಟೆಲಿಗೆ ಅರ್ಜಿ ಕರೆದ ಕೂಡಲೇ ಹಾಕಿ. ಇನ್ನು ಮಗಳು ಈಗ ಐದನೆಯ ತರಗತಿಯಲ್ಲಿದ್ದು ಓದಿನಲ್ಲಿ ಚುರುಕಾಗಿದ್ದರೆ, ಮೊದಲು ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಬರೆಸಿ. ಅಲ್ಲಿ ಹತ್ತನೆಯ ತರಗತಿಯವರೆಗೆ ಒಂದೇ ಸೂರು. ಸೀಟು ಸಿಗದಿದ್ದರೆ, ಅಥವಾ ಮಗು ನಡುವೆ ಶಾಲೆ ಬಿಟ್ಟಿದ್ದರೆ, ಜೂನ್‌ನಲ್ಲಿ ನೇರವಾಗಿ ಕೆಜಿಬಿವಿಯ ವಾರ್ಡನ್ ಮೇಡಂ ಬಳಿಗೆ ಹೋಗಿ. ಜೊತೆಗೆ ಒಂದು ಬಕೆಟ್, ಬೀಗವಿರುವ ಟ್ರಂಕು ಮತ್ತು ಹೊರಗಿನಿಂದ ಕೊಂಡ ಒಂದು ಗಣಿತದ ಅಭ್ಯಾಸ ಪುಸ್ತಕ ಇರಲಿ.